ಬೆಸ ಸಂಖ್ಯೆಯ ಲೆಕ್ಕಗಳಿಗೆ ಮಾತ್ರ

ತೀನ್ ಕಂದೀಲಿನ ರದ್ದಿ ಅಂಗಡಿಯಲ್ಲಿ
ಎಪ್ಪತ್ತು ರೂಪಾಯಿಗೆ ಕೊಂಡ ಭೌತಶಾಸ್ತ್ರ.
ತಕ್ಕಡಿಯಲ್ಲಿಟ್ಟೇ ಕೊಟ್ಟ ಹುಸೇನಪ್ಪ:
'ಒಂದು ಕಿಲೋ ನಾನೂರು ಗ್ರಾಂ ಅದ, ತಂಗಿ,
ರಟ್ಟಿನ ತೂಕ ಬಿಟ್ಟೀನಿ.'
ಒಳಗೆ ನೀಲಿ ಶಾಯಿಯಲ್ಲಿ
ಎನ್. ಭ್ರಮರಾಂಬ, ಬಿ.ಎಸ್ಸಿ.
ಇಸವಿ ಇದ್ದ ಕಡೆ ಗೆದ್ದಲು ತಿಂದ ತೂತು.

ಕೊನೆಯ ಒಂಬತ್ತು ಪುಟ: ಉತ್ತರಗಳು.
ಬೆಸ ಸಂಖ್ಯೆಯ ಲೆಕ್ಕಗಳಿಗೆ ಮಾತ್ರ.
ಸಮ ಸಂಖ್ಯೆಯವು ಏನು ತಪ್ಪು ಮಾಡಿದ್ದವೋ.
ಉತ್ತರವೆಂದರೂ ಬರೀ ಒಂದು ಸಾಲು,
ಹೇಗೆ ಬಂತೆಂದು ಕೇಳುವಂತಿಲ್ಲ,
ಕನ್ಯೆ ನೋಡಲು ಬಂದವರಿಗೆ
ವಯಸ್ಸು ಹೇಳಿದ ಹಾಗೆ.

ನನ್ನ ಕೆಲಸವೂ ಅದೇ.
ಹತ್ತಿ ಮಾರ್ಕೆಟ್ಟಿನ ಹಿಂದೆ, ವೇ ಬ್ರಿಜ್ಜಿನ ಗೂಡಿನೊಳಗೆ
ಸಂಜೆ ಪಾಳಿ.
ಲಾರಿ ಹತ್ತುತ್ತದೆ, ಕೆಂಪು ಅಂಕಿ ನಡುಗಿ ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಅಡಿಯಲ್ಲಿ ಉಕ್ಕು ಎಷ್ಟು ಬಾಗಿತೆಂದು
ಯಾರೂ ಕೇಳಿಲ್ಲ.
ಒಂದು ಲಾರಿಗೂ ಇನ್ನೊಂದಕ್ಕೂ ನಡುವೆ ನನ್ನ ಓದು.

ಆರನೆಯ ಅಧ್ಯಾಯ, ಇಪ್ಪತ್ತಮೂರನೆಯ ಲೆಕ್ಕ:
ಇಳಿಜಾರಿನಲ್ಲಿ ಬಂಡೆ, ಘರ್ಷಣೆ ಉಂಟು,
ವೇಗೋತ್ಕರ್ಷ ಕಂಡುಹಿಡಿಯಿರಿ.
ಕಂಡುಹಿಡಿದೆ.
ಹಿಂದೆ ತಿರುಗಿಸಿದೆ. ಅಲ್ಲ.
ಚೀಟಿಯ ಬೆನ್ನ ಮೇಲೆ ಮತ್ತೆ ಮಾಡಿದೆ. ಅಲ್ಲ.
ಹದಿನೇಳು ಚೀಟಿ, ಮೂರು ವಾರ,
ಹತ್ತಿಯ ಬೆನ್ನಿಗೆ ಸೈನ್ ಥೀಟಾ,
ಭತ್ತದ ಬೆನ್ನಿಗೆ ಕೊಸೈನ್ ಥೀಟಾ.
ಭ್ರಮರಾಂಬಳೂ ಇಲ್ಲೇ ಸಿಕ್ಕಿಬಿದ್ದಿದ್ದಳು:
ಅಂಚಿನಲ್ಲಿ ಪೆನ್ಸಿಲ್ಲಿನ ನಾಲ್ಕು ಸಾಲು,
ಅದರ ಮೇಲೆ ಗೀಟು, ಗೀಟಿನ ಮೇಲೆ ಗೀಟು,
ಕೆಳಗೆ ಸಣ್ಣಗೆ: ನನಗ ತಲಿ ಇಲ್ಲ.

ಪುಟವನ್ನು ಬಲ್ಬಿಗೆ ಹಿಡಿದು
ಗೀಟುಗಳ ಅಡಿಯಲ್ಲಿದ್ದುದನ್ನು ಓದಿದೆ.
ನನ್ನದೇ ಉತ್ತರ.

ಭಾನುವಾರ ಅಣ್ಣನ ಮಗನ ಜೊತೆ ಕೋಟೆಗೆ ಹೋದೆ.
ಗೋಡೆಯಲ್ಲಿ ಆ ಉದ್ದನೆಯ ಕಲ್ಲು, ನಲವತ್ತು ಅಡಿಗೂ ಮೇಲೆ.
ಬಳಿಯಲ್ಲೇ ಗೀರಿದ ಚಿತ್ರ:
ಅದೇ ಕಲ್ಲು ಬಂಡಿಯ ಮೇಲೆ, ಮುಂದೆ ಕೋಣಗಳ ಸಾಲು,
ಗಾಲಿಗೆ ಸನ್ನೆಗೋಲು ಕೊಟ್ಟು ಬಾಗಿದ ಮಂದಿ.
ಈ ಊರಿನಲ್ಲಿ ಮಾಡಿದ್ದನ್ನೆಲ್ಲ ಬರೆದಿಟ್ಟ
ಲೆಕ್ಕ ಇದೊಂದೇ.
ಹುಡುಗ ಕೋಣ ಎಣಿಸುತ್ತಿದ್ದ, ಪ್ರತಿ ಸಲ ಬೇರೆ ಸಂಖ್ಯೆ.
'ಅತ್ತಿ, ನೆಲ ಸಪಾಟ ಅದಲ್ಲ, ಮತ್ತ ಇಷ್ಟು ಕೋಣ ಯಾಕ?'
'ಸಪಾಟ ಇದ್ದದ್ದಕ್ಕೇ.'
ಹೇಳಿದ್ದು ನಾನೇ.
ನನಗದು ಕೇಳಿಸಿದ್ದು ಮರುದಿನ, ಗೂಡಿನಲ್ಲಿ.

ಪುಸ್ತಕದ ಉತ್ತರದಲ್ಲಿ ಕೋನವನ್ನು ಸೊನ್ನೆ ಮಾಡಿದೆ.
ಇಳಿಜಾರು ಚಾಪೆಯ ಹಾಗೆ ಮಲಗಿತು.
ಬಂಡೆ ಮಲಗಲಿಲ್ಲ.
ಬಾವಿಗೆ ಬಿದ್ದ ಕೊಡದ ರಭಸದಲ್ಲಿ
ಸಪಾಟು ನೆಲದ ಮೇಲೆ ತಾನೇ ಓಡಿತು,
ಕೋಣ ಬೇಡ, ಸನ್ನೆಗೋಲು ಬೇಡ,
ನವರಂಗ ದರ್ವಾಜಾ ದಾಟಿ, ಸ್ಟೇಷನ್ ರಸ್ತೆ ಹಿಡಿದು.
ಒಬ್ಬಳೇ ನಕ್ಕೆ.
ಸೈನು ಕೊಸೈನು ಜಾಗ ಬದಲಿಸಿ ಕೂತಿದ್ದವು,
ಅಚ್ಚುಮನೆಯಲ್ಲಿ ಯಾರದೋ ನಿದ್ದೆಗಣ್ಣು.

ಆಮೇಲೆ ನಗು ನಿಂತಿತು.
ಪುಸ್ತಕವೇ ತಪ್ಪಬಹುದಾದರೆ
ಸರಿ ಬಂದ ಉಳಿದವನ್ನು ಯಾರ ಹತ್ತಿರ ಕೇಳಲಿ?
ನಮ್ಮ ಕಾಂಟಾವನ್ನು ವರ್ಷಕ್ಕೊಮ್ಮೆ
ಸರಕಾರದ ಕಬ್ಬಿಣದ ಗುಂಡು ಏರಿಸಿ ನೋಡಿ
ಸೀಲು ಒತ್ತುತ್ತಾರೆ.
ಉಳಿದ ದಿನ, ಲಾರಿ ಇಲ್ಲದ ಹೊತ್ತು,
ನಾನೇ ಹತ್ತಿ ನಿಲ್ಲುತ್ತೇನೆ.
ಹತ್ತು ಹತ್ತಾಗಿ ಎಣಿಸುವ ಯಂತ್ರ ಅದು,
ನನ್ನ ನಲವತ್ತೆಂಟಕ್ಕೆ ಐವತ್ತು ಅನ್ನುತ್ತದೆ,
ಅದರ ಕೈಲಾದಷ್ಟು ಸತ್ಯ.

ತಲಿ ಇಲ್ಲ ಎಂಬುದನ್ನು ರಬ್ಬರಿನಿಂದ ಉಜ್ಜಿದೆ.
ಹಳೆಯ ಸೀಸ, ಹೋಗಲಿಲ್ಲ, ಕಾಗದ ಎದ್ದಿತು.
ಬಿಟ್ಟು, ಅವಳ ನಾಲ್ಕು ಸಾಲಿನ ಪಕ್ಕ
ಒಂದು ರೈಟ್ ಹಾಕಿದೆ.
ಎಷ್ಟು ವರ್ಷ ತಡವಾಗಿ?
ಆ ಅಂಕಿ ಗೆದ್ದಲಿನ ಹೊಟ್ಟೆಯಲ್ಲಿ.

ಮುಂದಿನದು ಇಪ್ಪತ್ತನಾಲ್ಕು.
ಹಿಂದೆ ತಿರುಗಿಸಿ ನೋಡಲು ಏನೂ ಇಲ್ಲ.
ಹೊರಗೆ ಹಾರ್ನು, ಸಿಂಧನೂರಿನ ಭತ್ತ.
ಪೆನ್ಸಿಲ್ಲನ್ನು ಪುಟದಲ್ಲೇ ಇಟ್ಟು ಎದ್ದೆ.