ಇನ್ನೂರು ಕುರ್ಚಿ

ಮೂರು ವರ್ಷ ಪ್ರೆಸ್ಸಿನ್ಯಾಗ ಪ್ರೂಫ್ ನೋಡಿದಾಕಿ ನಾನು.
ಗದಗಿನ ಎಷ್ಟೋ ಮದುವಿ
ನನ್ನ ಕೆಂಪು ಪೆನ್ನಿನ ಕೆಳಗ ಹಾದು ಹೋಗ್ಯಾವು.
'ಚಿರಂಜೀವಿ'ಯ ದೀರ್ಘ ಕಾಯ್ದೀನಿ,
ಬಿಟ್ಟುಹೋದ ಸೋದರಮಾವನ್ನ ತಂದು ಕೂಡಿಸೀನಿ,
ಒಮ್ಮೆ ವರನ ಜಾಗಾದಾಗ ವರನ ತಮ್ಮನ ಹೆಸರಿತ್ತು,
ಅದನ್ನೂ ಹಿಡದೀನಿ.
ಯಾರೂ ಊಟಕ್ಕ ಕರೀಲಿಲ್ಲ.

ಈಗ ನಂದs ಕಾರ್ಡು:
ದ್ರಾಕ್ಷಾಯಣಿ ಹೊಂಬಳ, ಶುಭಕಾರ್ಯಗಳ ಆಯೋಜಕರು,
ಕುಬಸ, ತೊಟ್ಟಿಲು, ಮದುವೆ, ನಿವೃತ್ತಿ.
ಐದುನೂರು ಛಾಪಾ ಆದಮ್ಯಾಲೆ ಕಣ್ಣಿಗೆ ಬಿತ್ತು,
ಫೋನ್ ನಂಬರಿನ್ಯಾಗ ಒಂಬತ್ತೇ ಅಂಕಿ.
ರಾತ್ರಿ ಕುಂತು ಬರದೆ,
ಐದುನೂರು ಏಳು.

ಮೊದಲ ಕೆಲಸ ಬೆಟಗೇರಿಯ ಮಗ್ಗದ ಓಣ್ಯಾಗ.
ಕಸ್ತೂರೆವ್ವನ ಮಗಳು ಅಂಬಿಕಾಗ ಏಳು ತಿಂಗಳು.
"ಫೋಟೋದಾಗ ಹುಬ್ಬಳ್ಳಿ ಕುಬಸದಂಗ ಕಾಣಬೇಕು ನೋಡವಾ,
ಖರ್ಚು ಮಾತ್ರ ಬೆಟಗೇರಿದು ಇರಲಿ."
ಬರಕೊಂಡೆ ನೋಟಬುಕ್ಕಿನ್ಯಾಗ:
ಕುರ್ಚಿ ಇನ್ನೂರು, ಮುಳಗುಂದ ನಾಕಾದಿಂದ.
ರೊಟ್ಟಿ ಆರ್ನೂರು, ಕಟಕ ಅರ್ಧ, ಮೆತ್ತಗಿನವು ಅರ್ಧ.
ಮಲ್ಲಿಗಿ ದುರ್ಗದಬೈಲಿನಿಂದ, ಮೊದಲನೇ ಬಸ್ಸಿಗೆ.
ಜೋಕಾಲಿ. ಬಲೂನಿನ ಕಮಾನು. ಹಿಂದ ನವಿಲಿನ ಪರದೆ.
ಮೂರು ಸಲ ಓದಿದೆ, ಒಂದೂ ತಪ್ಪಿಲ್ಲ.

ಗಾಳಿ ಬರಕೊಂಡಿರಲಿಲ್ಲ.
ಕಪ್ಪತಗುಡ್ಡದ ಮ್ಯಾಲೆ ಫಂಕಾ ತಿರುಗಿಸಿ ಕರೆಂಟ್ ಕೊಡೂ ಗಾಳಿ
ಕಾರಹುಣ್ಣಿವಿ ಮುಗದ ವಾರ, ಹನ್ನೊಂದರ ಹೊತ್ತಿಗೆ
ಓಣಿಗೆ ಇಳದು
ಕಮಾನು ಎತ್ತಿಕೊಂಡು ಹಿಟ್ಟಿನ ಗಿರಣಿ ದಾಟಿ ಹೋತು.
ಹುಡುಗರೆಲ್ಲಾ ಅದರ ಬೆನ್ನತ್ತಿದ್ರು, ಕುಬಸಕ್ಕ ಬಂದದ್ದs ಮರತು.
ನವಿಲು ಹೊಯ್ದಾಡಾಕ ಹತ್ತಿತ್ತು.
ಬಾಜೂಮನಿ ಹುಸೇನಸಾಬ ಮಗ್ಗ ನಿಲ್ಲಿಸಿ ಬಂದ,
ಹರದ ಎಳಿ ಕೂಡಿಸೂ ಗಂಟು ನಾಕೂ ಮೂಲಿಗೆ ಹಾಕಿದ.
"ಇದು ಬಿಚ್ಚೂದಲ್ಲ ತಂಗಿ, ಕೊಯ್ಯೂದು" ಅಂದು ಹೋದ,
ಚಾ ಸೈತ ಕುಡೀಲಿಲ್ಲ.

ಹಸಿರು ಸೀರಿ, ಮೊಳಕೈತನ ಹಸಿರು ಬಳಿ,
ಎರಡು ತಾಸಿನಿಂದ ಜೋಕಾಲಿ ಮ್ಯಾಲೆ ಅಂಬಿಕಾ.
ಬಂದವರೆಲ್ಲಾ ಒಂದೊಂದು ತುತ್ತು, ಒಂದೊಂದು ಗುಟುಕು,
ಕ್ಯಾಮೆರಾದವ "ಇನ್ನೊಮ್ಮೆ ನಗ್ರಿ" ಅಂತಾನ.
ದಂಡಿ ಸರಿ ಮಾಡಾಕ ಬಗ್ಗಿದೆ,
ಕಿವ್ಯಾಗ ಅಂದ್ಲು:
"ಅಕ್ಕಾ, ಬಚ್ಚಲಕ್ಕ ದಾರಿ ಎಲ್ಲೈತಿ?"

ದಾರಿ ಇರಲಿಲ್ಲ.
ಮುಂದ ಇನ್ನೂರು ಕುರ್ಚಿ, ಎಡಕ್ಕ ಸ್ಪೀಕರ್, ಬಲಕ್ಕ ಜನರೇಟರು,
ಹಿತ್ತಲ ಬಾಗಲಿಗೆ ನಾನs ನಿಂತು ಹೊಡೆಸಿದ ನವಿಲು.
ಗಂಟಿಗೆ ಕೈ ಹಾಕಿದೆ, ಉಗುರು ಕಿತ್ತು ಬಂತು.
ಅಡಗಿ ಈರಣ್ಣನ ಕೈಯಾಗಿನ ಚೂರಿ ಕಸಗೊಂಡೆ,
ನವಿಲಿನ ಕುತಿಗಿಂದ ಕಾಲತನ ಒಂದs ಕೊಯ್ತ.
ಎಲ್ಲಾರ ಕಣ್ಣ ಮುಂದ
ಬಸರಿ ಹೆಣ್ಣಮಗಳು ನವಿಲಿನ ಹೊಟ್ಟಿಯೊಳಗ ಹೊಕ್ಕು ಮಾಯ ಆದ್ಲು.
ಕಸ್ತೂರೆವ್ವ ನನ್ನ ನೋಡಿದ ನೋಟ
ಇಲ್ಲೆ ಬರಿಯೂದು ಬ್ಯಾಡ.
ಮುದುಕಿ ಒಬ್ಬಾಕಿ ನಗಾಕ ಹತ್ತಿದ್ಲು, ಹಲ್ಲಿಲ್ಲದ ಬಾಯಿ ತುಂಬ:
"ಹೋಗಲಿ ಬಿಡ್ರೇ,
ನನ್ನ ಕುಬಸದಾಗ ಸಂಜೀತನ ತಡಕೊಂಡಿದ್ದೆ ನಾ."

ತಿರುಗಿ ಬಂದಾಗ ಅಂಬಿಕಾನ ಮುಖ ಇತ್ತಲ್ಲ,
ಅದು ಫೋಟೋದಾಗಿಲ್ಲ.
ಕ್ಯಾಮೆರಾದವ ಊಟಕ್ಕ ಕುಂತಿದ್ದ.

ರಾತ್ರಿ ಲೆಕ್ಕ.
ಪರದೆ ದಂಡ ಕೊಟ್ಟು, ಹೂವಿನವನ ಬಾಕಿ ತೀರಿಸಿ
ಉಳದದ್ದು ಏಳುನೂರಾ ನಲವತ್ತು.
ಕುರ್ಚಿ ಎಣಿಸಿದ್ರ ನೂರಾ ತೊಂಬತ್ತೆಂಟು.
ನಾಕು ಸಲ ಎಣಿಸಿದೆ.
ಎರಡು ಕುರ್ಚಿ ಏಳುನೂರು,
ಕೈಯಾಗ ನಲವತ್ತು.
ನೋಟಬುಕ್ಕಿನ ಹೊಸ ಹಾಳಿ ತಗದು
ಮೊದಲನೇ ಸಾಲು: ಬಚ್ಚಲಕ್ಕ ದಾರಿ.
ಎರಡನೇದು: ಗಾಳಿ.
ಮೂರನೇದು ಇನ್ನೂ ಗೊತ್ತಿಲ್ಲ, ಜಾಗಾ ಬಿಟ್ಟೀನಿ.

ಮುಂಜಾನೆ ಒಂದು ಫೋನು.
ಅಪ್ಪನ ನಿವೃತ್ತಿ ಅಂತ, ಡಿಪೋದಾಗ ಮೆಕ್ಯಾನಿಕ್ ಇದ್ರಂತ.
"ನಿಮ್ಮ ಕಾರ್ಡಿನ ಕಡೀ ಅಂಕಿ ಏಳೋ ಒಂದೋ ತಿಳೀಲಿಲ್ರಿ,
ಎರಡಕ್ಕೂ ಹಚ್ಚಿದೆ."
"ನಿಮ್ಮ ಅಪ್ಪಗ ಮೊಣಕಾಲು ನೋವು ಏನರೆ?" ಕೇಳಿದೆ ಮೊದಲ.
ಆ ಕಡೆ ಸುಮ್ಮಾತು.
"ಹೌದ್ರಿ. ನಿಮಗ ಹೆಂಗ ಗೊತ್ತು?"

ಎರಡು ಕುರ್ಚಿ ಇವತ್ತಿಗೂ ಸಿಕ್ಕಿಲ್ಲ.
ಒಂದರ ಮ್ಯಾಲೆ ಪಂಕ್ಚರ್ ಅಂಗಡಿ ಹುಡುಗ ಕುಂತಿರ್ತಾನ ದಿನಾ,
ಅದs ನೀಲಿ, ಅದs ಮುರದ ಕೈ.
ಕೇಳಬೇಕಂತ ಹೋಗ್ತೀನಿ,
ಎದ್ದು ನಿಂತು "ಕುಂದರ್ರಿ ಅಕ್ಕಾರ" ಅಂತಾನ.
ಕುಂದರ್ತೀನಿ.