ಕಾಮಾ ಗೆದ್ದವರಿಲ್ಲ

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ
ಲೇಬಲ್ಲು ಓದುವುದು ನನ್ನ ಕೆಲಸ.
ಮೀನಲ್ಲಿ ಮುಳ್ಳು ಉಳಿದರೆ ಬೇರೆಯವರ ತಪ್ಪು;
ಮಾತಲ್ಲಿ ಮುಳ್ಳು ತಪ್ಪಿದರೆ ನನ್ನದು.

ಗದಗಿನ ಅಚ್ಚುಕೂಟದಲ್ಲಿ ಅಪ್ಪ ಮೊಳೆ ಜೋಡಿಸುವಾಗ
ಎಲ್ಲಕ್ಕಿಂತ ಸಣ್ಣ ಗೂಡು ಇವಕ್ಕಿತ್ತು:
ಚುಕ್ಕಿ, ಕೊಕ್ಕೆ, ಗೀಟು,
ಬೆಲ್ಲ ಕಂಡ ಇರುವೆಗಳ ಹಾಗೆ.
"ಅಕ್ಷರ ಬಿದ್ದರೆ ಓದುಗ ಊಹಿಸುತ್ತಾನೆ,
ಕಾಮಾ ಬಿದ್ದರೆ ಹೊಡೆದಾಡುತ್ತಾನೆ," ಅನ್ನುತ್ತಿದ್ದ.
ಕಾಮ ಗೆದ್ದ ಸನ್ಯಾಸಿಗಳುಂಟಂತೆ, ಇರಲಿ;
ಕಾಮಾ ಗೆದ್ದವರನ್ನು ನಾನಂತೂ ಕಂಡಿಲ್ಲ.

ಹೋದ ಈಸ್ಟರಿಗೆ ಲೀಡ್ಸಿಗೆ ಹೊರಟೆ, ನಾಲ್ಕು ದಿನ.
ಮೇಲ್ಮನೆಯ ಸಿದ್ದಲಿಂಗ ಹಂಚಿನಾಳನಿಗೆ ಬೀಗದಕೈ ಕೊಟ್ಟು,
ಬಸ್ಸಿನ ಗಡಿಬಿಡಿಯಲ್ಲಿ ಚೀಟಿ ಬರೆದಿಟ್ಟೆ:

    ಬೆಕ್ಕಿಗೆ ಮೀನು ಬೇಡ ಹಾಲು

ನಾನೇ! ಮೊಳೆ ಜೋಡಿಸುವವನ ಮಗಳು!
"ಮೀನು ಬೇಡ, ಹಾಲು" ಅಂದುಕೊಂಡದ್ದು ನನ್ನ ಮನಸ್ಸು;
"ಮೀನು. ಬೇಡ ಹಾಲು" ಎಂದು ಓದಿದ್ದು ಅವನ ಕಣ್ಣು.
ಕಿಟಕಿಯಲ್ಲಿ ಅಲ್ಪವಿರಾಮವಾಗಿ ಕೂತಿದ್ದ ಬೆಕ್ಕು,
ಬಂದು ನೋಡಿದರೆ,
ಪೂರ್ಣವಿರಾಮ.

ಓಲೆಗರಿಯ ನಮ್ಮವರಿಗೆ ಒಂದು ಗೀಟು, ಎರಡು ಗೀಟು ಸಾಕಿತ್ತು;
ಉಳಿದ ಉಸಿರೆಲ್ಲ ಕೇಳುವವನ ಕಿವಿಯಲ್ಲಿತ್ತು.
ಇವೆಲ್ಲ ಆಮೇಲೆ ಹಡಗು ಹತ್ತಿ ಬಂದ ಸೊಸೆಯಂದಿರು,
ಬಂದವರೇ ಅಡುಗೆಮನೆ ಹಿಡಿದರು.
ಈಗ ನಾನೇ ಅವರ ತವರಿಗೆ ಬಂದಿದ್ದೇನೆ,
ಇಲ್ಲಿ ನೋಡಿದರೆ ಅವರನ್ನು ಕೇಳುವವರಿಲ್ಲ!

ಫ್ರೀಮನ್ ಬೀದಿಯ ಮಾರುಕಟ್ಟೆಯಲ್ಲಿ ಮ್ಯೂರಿಯಲ್ ಸ್ಟಾದರಳ ಅಂಗಡಿ.
ಹಲಗೆ ತುಂಬ
ಕಾಡ್'ಸ್, ಕ್ರ್ಯಾಬ್'ಸ್, ಕಿಪ್ಪರ್'ಸ್.
ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿ ಕೊಡೆ ಹಿಡಿದನಂತೆ;
ಇಲ್ಲಿ ಅಲ್ಪವಿರಾಮಕ್ಕೆ ಬಂದಿತ್ತು ಐಶ್ವರ್ಯ,
ಅಕ್ಷರದ ಹೆಗಲೇರಿ
ಹಾಡುಹಗಲೇ ಕೊಡೆ!

ತಡೆಯಲಾರದೆ ಕೇಳಿದೆ,
"ಏಡಿಗಳು ಅಂದರೆ ಸಾಲದೇ? 'ಏಡಿಯ' ಅಂತ ಬರೆದಿದ್ದೀಯಲ್ಲ,
ಏಡಿಯ ಏನು?"
ಚಾಕು ಒರೆಸುತ್ತ ಮ್ಯೂರಿಯಲ್ ಅಂದಳು,
"ಏಡಿಯ ಎಲ್ಲಾ ಕಣೇ. ಕಾಲು, ಕೊಂಡಿ, ಕಣ್ಣು.
ಅರ್ಧ ಕಿಲೊ ಕಟ್ಟಲೇ?"

ಕಟ್ಟಿಸಿಕೊಂಡೆ. ಸೋತವಳು ಇನ್ನೇನು ಮಾಡಲಿ.

ಆದರೆ ಮುಂದಿನ ಶನಿವಾರ ಹೋದಾಗ
ಕೊಡೆಗಳೆಲ್ಲ ಮಾಯ, ಹಲಗೆ ಬೋಳು.
ಮ್ಯೂರಿಯಲ್ ಸ್ಟೂಲು ಹತ್ತಿ ಅಂಗಡಿಯ ಹೆಸರು ನೋಡುತ್ತಿದ್ದಾಳೆ,
ಮೂವತ್ತು ವರ್ಷದಿಂದ ಅಲ್ಲಿ ಬರೀ 'ಮ್ಯೂರಿಯಲ್ಸ್'.
"ಬೇಕಾದಲ್ಲೇ ಇಲ್ಲವಲ್ಲೇ!" ಅಂದಳು.
ಬಣ್ಣ ಇಲ್ಲ, ಕುಂಚ ಇಲ್ಲ.
ತಟ್ಟೆಯಿಂದೊಂದು ಸೀಗಡಿ ಎತ್ತಿದೆ:
ದಪ್ಪ ತಲೆ, ಬಾಗಿದ ಬಾಲ,
ಥೇಟ್ ಅದೇ!
ಗೋಂದು ಹಚ್ಚಿ ಅಂಟಿಸಿದೆವು.
ಮ್ಯೂರಿಯಲ್'ಸ್.
ಅಪ್ಪ ಇದ್ದಿದ್ದರೆ ಕನ್ನಡಕ ತೆಗೆದು ಒರೆಸುತ್ತಿದ್ದ.

ಹತ್ತು ನಿಮಿಷಕ್ಕೆ ಬಾಗಿಲಾಚೆಯಿಂದ
ಕಡಲಹಕ್ಕಿಯೊಂದು ನುಗ್ಗಿ ಬಂದು
ನಮ್ಮ ವ್ಯಾಕರಣವನ್ನು ಗುಳುಂ ಮಾಡಿತು.

ಈಗ ದಿನಾ ಬೆಳಿಗ್ಗೆ ಹೊಸ ಸೀಗಡಿ.
ಖರ್ಚು ಮ್ಯೂರಿಯಲಳದು, ಗೋಂದು ನನ್ನದು,
ಮತ್ತು ಕೊಂಬೆಯ ಮೇಲೊಂದು, ಕಂಬದ ಮೇಲೊಂದು,
ಇಡೀ ಊರಲ್ಲಿ ತಪ್ಪದೆ ವಿರಾಮಚಿಹ್ನೆ ಗಮನಿಸುವ
ಬಿಳಿ ರೆಕ್ಕೆಯ ಓದುಗರು!