ಯಾವ ಹದಿನೇಳು?

ಹತ್ತು ಗಂಟೆಗೆ ಪಾಠ ನಿಲ್ಲಬೇಕೆಂದು ಇಲ್ಲಿ ಕಾನೂನು.
ಹತ್ತೂ ಐದಕ್ಕೆ ನನ್ನ ಕೆಲಸ ಶುರು:
ಆನ್ಸಾನಿನ ಟ್ಯೂಷನ್ ಕಟ್ಟಡ, ನಾಲ್ಕನೇ ಮಹಡಿ,
ಮೂವತ್ತಾರು ಮೇಜು, ಮೇಜಿಗೊಂದು ಹಿಡಿ
ರಬ್ಬರಿನ ಹುಡಿ.

ತಪ್ಪುಗಳು ಹೀಗೆ ಬೂದುಬಣ್ಣದ ಎಳೆಯಾಗಿ
ಉದುರುತ್ತವೆಂದು ನನಗೆ ಗೊತ್ತಿರಲಿಲ್ಲ.
ನಮ್ಮೂರಲ್ಲಿ ಉಗುಳು ಹಚ್ಚಿ ಒರೆಸುತ್ತಿದ್ದೆವು.
ಹಾಳೆ ತೂತಾದರೆ, ಆ ತೂತಿನಲ್ಲಿ
ಮುಂದಿನ ಪಾಠ ಕಾಣುತ್ತಿತ್ತು.

ಕೊನೆಯ ಸಾಲಿನಲ್ಲಿ ಬೋರಮ್ ನಿದ್ದೆಹೋಗಿದ್ದಾಳೆ,
ಕೆನ್ನೆಗೆ ತ್ರಿಕೋನಮಿತಿ ಅಂಟಿಕೊಂಡಿದೆ.
"ಏಳಮ್ಮ, ಹಳದಿ ಬಸ್ಸು ಹೊರಡುತ್ತೆ."
ಚೀಲ ಹುಡುಕುತ್ತಲೇ ಕೇಳುತ್ತಾಳೆ:
"ಆಂಟಿ, ಮಂಗೋಲಿಯಾದಲ್ಲಿ ನಿಮಗೆ ಎಷ್ಟು ಬರುತ್ತಿತ್ತು?"

"ಐದು" ಅಂದೆ, ಎದೆಯುಬ್ಬಿಸಿ.
ಅವಳ ಮುಖದಲ್ಲಿ ಅಯ್ಯೋ ಪಾಪ.
ಇಲ್ಲಿ ಒಂದು ಶಿಖರ, ಒಂಬತ್ತು ಪಾತಾಳ;
ನಮ್ಮಲ್ಲಿ ಐದರ ಮೇಲೆ ಬರೀ ಆಕಾಶ.
ಗಡಿ ದಾಟುವಷ್ಟರಲ್ಲಿ ಅಂಕಿಯೂ ಬಡವಾಗುತ್ತದೆ,
ಥೇಟು ನನ್ನ ಸರ್ಟಿಫಿಕೇಟಿನ ಹಾಗೆ.

ಹೇಳಿದೆ:
ಸೆಪ್ಟೆಂಬರ್ ಒಂದಕ್ಕೆ ಅಪ್ಪ ಕುದುರೆಯ ಮೇಲೆ ತಂದುಬಿಡುತ್ತಿದ್ದ.
ತಲೆಗೆ ಬಿಳೀ ರಿಬ್ಬನ್ನು, ಜೇಬಲ್ಲಿ ಒಣಗಿಸಿದ ಮೊಸರುಗಟ್ಟಿ,
ಹಾಸ್ಟೆಲಿನ ಒಲೆಗೆ ಬೆರಣಿ ಒಟ್ಟುವ ಸರದಿ.
ಲೆಕ್ಕದ ಸರಂಗೆರೆಲ್ ಮೇಡಂ ಒಮ್ಮೆ ಕೇಳಿದರು,
ಮುನ್ನೂರು ಕುರಿ, ಸಂಜೆಗೆ ಹದಿನೇಳು ಬಂದಿಲ್ಲ, ಉಳಿದವೆಷ್ಟು?
ನಾನು ಕೈಯೆತ್ತಿದೆ: "ಯಾವ ಹದಿನೇಳು?"
ಮೇಡಂ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು.
ಆಮೇಲೆ ಐದು ಕೊಟ್ಟರು.

ಬೋರಮ್ ನಕ್ಕಳು. "ಎಷ್ಟು ಚೆಂದದ ಸ್ಕೂಲು!"

ಚೆಂದವೇ.
ಅವಳಿಗೆ ಹೇಳದೆ ಉಳಿಸಿಕೊಂಡದ್ದು:
ಸರ್ಕಾರದ ಕುರಿಗಳು ನಮ್ಮವಾದ ವರ್ಷ
ಅಣ್ಣ ಗಾಂತುಲ್ಗನನ್ನು ಮೂರನೇ ಕ್ಲಾಸಿನಿಂದ ಎಬ್ಬಿಸಿಕೊಂಡು ಹೋದರು.
ಹುಡುಗಿ ಓದಲಿ, ಹುಡುಗನಿಗೆ ಹಿಂಡಿದೆಯಲ್ಲ ಎಂದರು.
ಏಳನೇ ಚಳಿಗಾಲ ಹಿಂಡನ್ನು ತಿಂದು ಮುಗಿಸಿತು.
ನನ್ನ ಕಾಗದವನ್ನು ಅವನು ಈಗಲೂ
ಮಂಜಿನ ಮೇಲೆ ನಡೆದಂತೆ ಓದುತ್ತಾನೆ,
ಅಕ್ಷರಕ್ಕೊಮ್ಮೆ ನಿಂತು.

ಈ ಹುಡುಗಿಯನ್ನು ಕ್ಲಾಸಿನಿಂದ ಎಬ್ಬಿಸುವವರೇ ಇಲ್ಲ,
ಪೊರಕೆ ಹಿಡಿದ ನನ್ನನ್ನು ಬಿಟ್ಟರೆ.

ಬಸ್ಸು ಹೋಯಿತು. ಮೇಜಿನ ಮೇಲೆ
ಬಳಸದೆ ಉಳಿದ ಉತ್ತರದ ಕಾರ್ಡು.
ಪ್ರಶ್ನೆಗೆ ಐದೈದು ಸೊನ್ನೆ,
ಒಂದನ್ನು ಮಾತ್ರ ಕಪ್ಪಾಗಿಸಬೇಕು.
ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತೆ.
ಹದಿನೇಳನೇ ಸಾಲಿಗೆ ಬಂದು
ಐದನ್ನೂ ತುಂಬಿದೆ, ನಿಧಾನವಾಗಿ, ಅಂಚು ಮೀರದಂತೆ.

ಯಂತ್ರ ಒಪ್ಪುವುದಿಲ್ಲ, ಗೊತ್ತು.
ದೀಪ ಆರಿಸಿದೆ.